ಎಡಕ್ಕ ಸರಿಯೂ ಬಗ್ಯಾಸ್ ಬೆಲ್ಟ್: ಮೊದಲ ಸೆನ್ಸರ್ ಹಾಕಬೇಕೋ, ನಡದ ನೋಡಬೇಕೋ?

ಮುಧೋಳ ಫಿಟ್ಟರ್:
ಎಲ್ಲಾರಿಗೂ ನಮಸ್ಕಾರ್ರಿ. ಮುಧೋಳ ತಾಲೂಕಿನ ಒಂದ ಸಕ್ಕರಿ ಕಾರ್ಖಾನ್ಯಾಗ ಮೆಂಟೆನನ್ಸ್ ನೋಡ್ಕೊತೀನಿ, ಹನ್ನೆರಡ ವರ್ಷ ಆತು. ಒಂದ ತಾಪತ್ರಯ ಐತಿ, ಅನುಭವ ಇದ್ದವರು ದಯವಿಟ್ಟು ಹೇಳ್ರಿ.

ಮಿಲ್ಲಿನಿಂದ ಬಾಯ್ಲರಿಗೆ ಬಗ್ಯಾಸ್, ಅಂದ್ರ ರಸ ಹಿಂಡಿದ ಕಬ್ಬಿನ ಸಿಪ್ಪಿ, ಒಯ್ಯೂ ಬೆಲ್ಟ್. ಅಗಲ 900 ಮಿ.ಮೀ., ಸುತ್ತೂ ಹಿಡದು ಉದ್ದ 250 ಮೀಟರ್, ವೇಗ ಸೆಕೆಂಡಿಗೆ 1.5 ಮೀಟರ್. ಹಂಗಾಮು ಚಾಲೂ ಆಗಿ ಮೂರ ವಾರ. ಎರಡನೇ ವಾರದಿಂದ ಬೆಲ್ಟ್ ಎಡಕ್ಕ ಸರಿಯಾಕ ಹತ್ತೈತಿ. ಟೇಲ್ ಕಡೆ (ಬಗ್ಯಾಸ್ ತುಂಬೂ ತುದಿ) ಬಾಜೂದ ಕಬ್ಬಿಣದ ಚಾನಲ್ಲಿಗೆ ಉಜ್ಜಿ ಉಜ್ಜಿ ಅಂಚು ಎಳಿಎಳಿ ಆಗೇತಿ. ನಿನ್ನೆ ಕತ್ತರಿಸಿ ತಗದ ಎಳಿ ಒಂದ ಮೊಳ ಉದ್ದ ಇತ್ತು. ಕೆಳಗ ಚೆಲ್ಲಿದ್ದನ್ನ ಎತ್ತಾಕನ ಶಿಫ್ಟಿಗೆ ಇಬ್ಬರು ಬೇಕಾಗ್ಯಾರ.

ಆಫೀಸಿನವರು ಒಂದ ಕಂಪನಿ ಕರೆಸ್ಯಾರ. ಬೆಲ್ಟ್ ಸರದ್ರ, ಬೇರಿಂಗ್ ಕಾದ್ರ ಮೊಬೈಲಿಗೆ ಮೆಸೇಜ್ ಬರತೈತಿ, ಮಾನಿಟರಿಂಗ್ ಎಲ್ಲಾ ತಾನಾ ಆಗತೈತಿ ಅಂತ ಅವರು ಹೇಳ್ಯಾರ. ರೊಕ್ಕ ಭಾಳ ಐತಿ. ನನ್ನ ಪ್ರಶ್ನೆ ಇಷ್ಟ: ನಮ್ಮಲ್ಲಿ ಇದ್ದ ಸ್ವೇ ಸ್ವಿಚ್ಚನ್ನ (ಬೆಲ್ಟ್ ಸರದು ಬಡದ್ರ ತಾನಾ ಬೆಲ್ಟ್ ನಿಲ್ಲಸೂದು) ತಂತಿ ಹಾಕಿ ಕಟ್ಟ್ಯಾರ, ಟ್ರಿಪ್ ಆಗಬಾರದಂತ. ಇದ್ದದ್ದನ್ನ ಕಟ್ಟಿ ಕುಂತವರಿಗೆ ಹೊಸಾ ಸೆನ್ಸರ್ ಏನ ಉಪಯೋಗ? ಇಲ್ಲಾ ನಾನೇ ಹಳೇ ಕಾಲದಾಗ ಅದೀನೋ?

ಉದ್ಯಮಬಾಗ್ ಫೌಂಡ್ರಿ:
ತಂತಿ ಕಟ್ಟಿದ್ದು ಮೊದಲ ಬಿಚ್ಚಸ್ರಿ. ಉಳದದ್ದು ಆಮ್ಯಾಲ.

ಇಂಡಿ ಎಲೆಕ್ಟ್ರಿಷಿಯನ್:
ಬಿಚ್ಚಸ್ರಿ ಅನ್ನೂದು ಸುಲಭ ಅದರಿ. ಒಂದ ತಾಸಿನಾಗ ನಾಕ ಸಲ ಟ್ರಿಪ್ ಆದ್ರ ಕಂಟ್ರೋಲ್ ರೂಮಿನಾಂವ ಯಾರಿಗೆ ಬೈತಾನ? ನಮಗ. ನಾನೂ ಒಮ್ಮೆ ಕಟ್ಟೀನಿ, ಸುಳ್ಳ ಹೇಳೂದಿಲ್ಲ. ಮ್ಯಾಲಿನವರು ಬಾಯಿಲೆ ಹೇಳ್ತಾರ, ಬರದು ಯಾರೂ ಕೊಡೂದಿಲ್ಲ. ಸ್ವಿಚ್ ಸುಮ್ಮನ ಟ್ರಿಪ್ ಆಗೂದಿಲ್ಲ, ಬೆಲ್ಟ್ ಬಂದು ಬಡದದ್ದಕ್ಕ ಆಗ್ತದ. ಬೆಲ್ಟ್ ನೆಟ್ಟಗ ಮಾಡ್ರಿ, ತಂತಿ ಕಟ್ಟೂ ಪ್ರಶ್ನೆನ ಬರೂದಿಲ್ಲ.

ಕನ್ವೇಯರ್ ಕಾಕಾ:
ತಮ್ಮಾ ಮುಧೋಳದಾಂವ, ಸೆನ್ಸರ್ ಮಾತು ಬಾಜೂಕ ಇಡು. ನಾ ಲೋಕಾಪುರ ಕಡೆ ಸಿಮೆಂಟ್ ಕಾರ್ಖಾನ್ಯಾಗ ಕಲ್ಲಿನ ಬೆಲ್ಟ್ ಮ್ಯಾಲ 31 ವರ್ಷ ದುಡದಾಂವ. ಎರಡ ಪ್ರಶ್ನೆ ಕೇಳ್ತೀನಿ, ಉತ್ತರ ಕೊಡು.

ಬೆಲ್ಟ್ ಯಾವ ಭಾಗ ಬಂದ್ರೂ ಒಂದ ಜಾಗಾದಾಗ ಸರಿತೈತೋ? ಹಂಗಿದ್ರ ಆ ಜಾಗಾದ ರೋಲರ್, ಬೆಲ್ಟ್ ಸುತ್ತಿ ತಿರಗೂ ತುದಿಯ ಡ್ರಮ್ ಅಥವಾ ಸ್ಟ್ರಕ್ಚರಿನ ದೋಷ.

ಇಲ್ಲಾ, ಬೆಲ್ಟಿನ ಒಂದ ತುಂಡು ಎಲ್ಲೆ ಹೋದ್ರೂ, ಮಾಲು ಇಳಿಯೂ ತುದಿ ಅಂದ್ರ ಹೆಡ್‌ನ್ಯಾಗೂ ಟೇಲ್‌ನ್ಯಾಗೂ ಸರಿತೈತೋ? ಹಂಗಿದ್ರ ಬೆಲ್ಟಿಂದ ದೋಷ. ಜಾಯಿಂಟ್ ಸೊಟ್ಟ ಆಗಿರತೈತಿ, ಇಲ್ಲಾ ಬೆಲ್ಟಾ ಬಾಗಿರತೈತಿ.

ಇದನ್ನ ನೋಡದಾ ರೋಲರ್ ಬಡಿಯಾಕ ಹೋಗಬ್ಯಾಡ. ಒಂದ ರೋಗಕ್ಕ ಇನ್ನೊಂದರ ಔಷಧ ಕೊಟ್ರ ಎರಡೂ ಉಳಿತಾವ.

ಮುಧೋಳ ಫಿಟ್ಟರ್:
ಕಾಕಾ, ಟೇಲ್ ಹತ್ತರ ಯಾವಾಗಲೂ ಎಡಕ್ಕ ಇರತೈತ್ರಿ. ಆದ್ರ ನಡನಡಕ ಒಮ್ಮೆ ಜೋರ ಜಿಗಿದಂಗ ಇನ್ನೂ ಎಡಕ್ಕ ಹೋಗಿ ಮತ್ತ ಬರತೈತಿ. ಅದು ಹೆಡ್ ಕಡೆನೂ ಕಾಣತೈತಿ. ಎರಡೂ ಐತಿ ಅನಸತೈತಿ.

ಕನ್ವೇಯರ್ ಕಾಕಾ:
ಎರಡೂ ಇರಬಹುದು. ನಾ ನೋಡಿದ ಬೆಲ್ಟಿನಾಗ ಒಂದಾ ಕಾರಣ ಇದ್ದದ್ದು ಕಡಿಮಿ.

ಡಿಪ್ಲೊಮಾ ಎರಡನೇ ವರ್ಷ:
ಸರ್, ಒಂದು ಲೆಕ್ಕ. 250 ಮೀಟರ್ ಬೆಲ್ಟ್ 1.5 ಮೀಟರ್ ವೇಗದಲ್ಲಿ ಓಡಿದರೆ ಒಂದು ಸುತ್ತಿಗೆ 167 ಸೆಕೆಂಡ್, ಅಂದರೆ 2 ನಿಮಿಷ 47 ಸೆಕೆಂಡ್. ಆ ಜಿಗಿತ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ನೋಡಿ. ಪ್ರತಿ ಸಲ ಅಷ್ಟೇ ಬಂದರೆ ಬೆಲ್ಟಿನಲ್ಲೇ ದೋಷ ಇದೆ ಅಂತ ಅರ್ಥ ಅಲ್ಲವಾ?

ಕನ್ವೇಯರ್ ಕಾಕಾ:
ಶಾಣ್ಯಾ ಅದಿ ನೋಡಪಾ. ಹಂಗಾ ಮಾಡ್ರಿ.

ಸಲಕರಣೆ ಹುಡುಗ, ಬೆಳಗಾವಿ:
ನಾನು ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡುವವ. ಎಲ್ಲರೂ ಸೆನ್ಸರ್ ಬ್ಯಾಡ ಅನ್ನೋ ದಾಟಿಯಲ್ಲಿ ಬರೀತಾ ಇದ್ದೀರಿ, ಅದಕ್ಕೆ ನನ್ನ ತಕರಾರು ಐತಿ. ನಡೆದು ನೋಡುವ ಮನುಷ್ಯ ರಾತ್ರಿ ಮೂರು ಗಂಟೆಗೆ ನಡೀತಾನಾ? ರಜಿಸ್ಟರಿನಲ್ಲಿ ಇಡೀ ವಾರದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಮಾಡಿದ್ದು ನಾನು ಕಣ್ಣಾರೆ ನೋಡೀನಿ. ಸೆನ್ಸರಿಗೆ ನಿದ್ದೆ ಬರೂದಿಲ್ಲ.

ಇಂಡಿ ಎಲೆಕ್ಟ್ರಿಷಿಯನ್:
ಸೆನ್ಸರಿಗೆ ನಿದ್ದಿ ಬರೂದಿಲ್ಲ, ಖರೆ. ಆದ್ರ ಬಗ್ಯಾಸ್ ಧೂಳು ಬರ್ತದ. ಲೆನ್ಸ್ ಮುಚ್ಚಿ ಹೋಗ್ತದ, ವೈರ್ ಇಲಿ ಕಡೀತಾವ. ಅದನ್ನ ಒರಸವರು ಯಾರು?

ಉದ್ಯಮಬಾಗ್ ಫೌಂಡ್ರಿ:
ಒಂದ ಲೆಕ್ಕ ಹಾಕೋಣ್ರಿ. ಬೆಲ್ಟ್ ಹೋಗೂ ಉದ್ದ 120 ಮೀಟರ್ ಹಿಡೀರಿ. ಮ್ಯಾಲ 1.2 ಮೀಟರಿಗೆ ಒಂದ ಸೆಟ್ ಅಂದ್ರ 100 ಸೆಟ್, ಒಂದೊಂದರಾಗ ಮೂರ ರೋಲರ್. 300 ಆತು. ಕೆಳಗ, ಬೆಲ್ಟ್ ಖಾಲಿ ವಾಪಸ್ ಬರೂ ಕಡೆ, ರಿಟರ್ನ್ ರೋಲರ್ 3 ಮೀಟರಿಗೆ ಒಂದು, 40. ಒಟ್ಟ 340 ರೋಲರ್, 680 ಬೇರಿಂಗ್. ಯಾವ ಕಂಪನಿ 680 ಬೇರಿಂಗಿಗೆ ಸೆನ್ಸರ್ ಹಾಕತೈತಿ? ಅವರು ಹಾಕೂದು ಡ್ರಮ್ಮಿನ ಬೇರಿಂಗಿಗೆ, ಗೇರ್‌ಬಾಕ್ಸಿಗೆ, ಮೋಟರಿಗೆ. ಅದು ಬೇಕು, ಬ್ಯಾಡ ಅನ್ನೂದಿಲ್ಲ. ಆದ್ರ ನಡು ದಾರ್ಯಾಗ ಜಾಮ್ ಆದ ರೋಲರ್ ಅವರಿಗೆ ಕಾಣೂದಿಲ್ಲ. ಬಗ್ಯಾಸಿಗೆ ಬೆಂಕಿ ಹತ್ತೂದು ಆ ನಡುವಿನ ರೋಲರಿನಿಂದನಾ.

ಕೋಲ್ ಹ್ಯಾಂಡ್ಲಿಂಗ್, ಬಸವನಬಾಗೇವಾಡಿ:
ಈ ಬೆಂಕಿಯ ಮಾತಿಗೆ ನಾನು ಸ್ವಲ್ಪ ಸೇರಿಸುತ್ತೇನೆ. ನನ್ನದು ಕಲ್ಲಿದ್ದಲು ಬೆಲ್ಟ್‌ಗಳ ಕೆಲಸ. ನಮ್ಮ ಜಿಲ್ಲೆಯ ಕೂಡಗಿ ಸ್ಥಾವರದ ಸಾಮರ್ಥ್ಯ 2400 ಮೆಗಾವ್ಯಾಟ್, 800ರ ಮೂರು ಘಟಕ. ಅಂಥ ಸ್ಥಾವರಕ್ಕೆ ದಿನಕ್ಕೆ ಎಷ್ಟು ಕಲ್ಲಿದ್ದಲು ಬೆಲ್ಟ್ ಮೇಲೆ ಹೋಗಬೇಕು ಅಂತ ಯೋಚಿಸಿ, ಬೆಲ್ಟಿನ ಬೆಲೆ ಗೊತ್ತಾಗುತ್ತದೆ.

ಜನ ಅಂದುಕೊಳ್ಳುವುದು ಓಡುವ ಬೆಲ್ಟಿಗೆ ಬೆಂಕಿ ಹತ್ತುತ್ತದೆ ಅಂತ. ಹೆಚ್ಚು ಭಯ ನಿಂತ ಬೆಲ್ಟಿನದು. ಓಡುವಾಗ ಬೆಲ್ಟ್ ಕಾದ ರೋಲರ್ ಮೇಲೆ ಒಂದು ಕ್ಷಣ ಇದ್ದು ಮುಂದೆ ಹೋಗುತ್ತದೆ, ಕಾವು ಹಂಚಿಹೋಗುತ್ತದೆ. ನಿಲ್ಲಿಸಿದ ಮೇಲೆ ಅದೇ ಕೆಂಪು ಕಾವಿನ ರೋಲರ್ ಮೇಲೆ ಒಂದೇ ಜಾಗ ಕೂತುಬಿಡುತ್ತದೆ, ಸುತ್ತ ಒಣಗಿದ ಧೂಳು. ಆದ್ದರಿಂದ ಶಿಫ್ಟ್ ಮುಗಿಸಿ ಬೆಲ್ಟ್ ನಿಲ್ಲಿಸಿದವರು ತಕ್ಷಣ ಮನೆಗೆ ಹೋಗಬಾರದು, ಇನ್ನೊಂದು ಸಲ ಉದ್ದಕ್ಕೂ ನಡೆದು ಬರಬೇಕು. ಬೆಂಕಿ ನಿರೋಧಕ ಬೆಲ್ಟ್ ಅಂದರೆ ಉರಿಯುವುದೇ ಇಲ್ಲ ಅಂತ ಅಲ್ಲ, ಉರಿ ತಾನಾಗಿ ಹರಡುತ್ತಾ ಹೋಗದಂತೆ ತಡೆಯುತ್ತದೆ ಅಷ್ಟೆ.

ಬೆಲ್ಟ್ ಉದ್ದಕ್ಕೂ ಎಳೆಯುವ ಕಾವು ಗುರುತಿಸುವ ಕೇಬಲ್ ಇವೆ, 680 ಬೇರಿಂಗಿನ ಪ್ರಶ್ನೆಗೆ ಅದು ಒಂದು ಉತ್ತರ. ಕಡಿಮೆ ಖರ್ಚಿನಲ್ಲಿ ಆಗಬೇಕಾದರೆ ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಗನ್ ಅಂತೀವಲ್ಲ, ಅದು.

ಮುಧೋಳ ಫಿಟ್ಟರ್:
ಗನ್ ಐತ್ರಿ ನಮ್ಮಲ್ಲಿ, ಸ್ಟೋರಿನ ಕಪಾಟಿನ್ಯಾಗ. ನಾಳಿಗೆ ತಗಸ್ತೀನಿ.

ಕಬ್ಬಿನ ಹೊಲ, ಜಮಖಂಡಿ:
ನಾ ಫಿಟ್ಟರ್ ಅಲ್ಲ, ರೈತ. ಆದ್ರೂ ಬರೀತೀನಿ. ಹೋದ ಹಂಗಾಮಿನ್ಯಾಗ ನನ್ನ ಟ್ರ್ಯಾಕ್ಟರ್ ಯಾರ್ಡಿನಾಗ 40 ತಾಸು ನಿಂತಿತ್ತು. ಕೇಳಿದ್ರ "ಬೆಲ್ಟ್ ಕೆಟ್ಟೈತಿ" ಅಂದ್ರು. ಬಗ್ಯಾಸ್ ಬೆಲ್ಟ್ ಕೆಟ್ರ ಕಬ್ಬ ಯಾಕ ನಿಲ್ಲತೈತಿ ಅಂತ ನನಗ ಆಗ ತಿಳೀಲಿಲ್ಲ. ಕಡದ ಕಬ್ಬು ಬಿಸಲಾಗ ಒಣಗಿದ್ರ ತೂಕಾನೂ ಹೋತು, ಸಕ್ಕರೀನೂ ಹೋತು. ಡ್ರೈವರಿನ ಭತ್ತೆ ಬ್ಯಾರೆ. ನಿಮ್ಮ ಒಂದ ರೋಲರ್ ನಮ್ಮ ಕಿಸೆಕ್ಕ ಬಡಿತೈತಿ, ಅದನ್ನ ತಿಳಕೊಂಡು ಕೆಲಸಾ ಮಾಡ್ರಿ.

ಮುಧೋಳ ಫಿಟ್ಟರ್:
ಖರೆ ಐತಿ ಅಣ್ಣಾರ. ಕಬ್ಬಿನ ತೂಕದಾಗ ಹೆಚ್ಚುಕಡಿಮಿ ಶೇ 28ರಿಂದ 30 ಬಗ್ಯಾಸ್ ಬರತೈತಿ. ದಿನಕ್ಕ 5000 ಟನ್ ನುರಿಸೂ ಕಾರ್ಖಾನಿ ಅಂದ್ರ 1400-1500 ಟನ್ ಬಗ್ಯಾಸ್. ಆ ಬೆಲ್ಟ್ ನಿಂತ್ರ ಬಾಯ್ಲರಿಗೆ ಉರುವಲ ಇಲ್ಲ, ಇತ್ಲಾಗ ಮಿಲ್ಲಿನಿಂದ ಬರೂದನ್ನ ಇಡಾಕ ಜಾಗಾ ಇಲ್ಲ. ಅದಕ್ಕ ಮಿಲ್ಲೂ ನಿಲ್ಲತೈತಿ, ನೀವೂ ನಿಲ್ಲತೀರಿ. ನನಗೂ ನಿಮ್ಮ ಸಾಲು ನೋಡಿದ್ರ ಹೊಟ್ಟ್ಯಾಗ ಸಂಕಟ ಆಗತೈತಿ.

ರಬಕವಿ ಗಿರಣಿ:
ನಂದೊಂದ ಮಾತು, ವಿಷಯದ ಹೊರಗಿಂದ ಅನ್ನಿಸಿದ್ರ ಬಿಡ್ರಿ. ನಮ್ಮ ಅಪ್ಪಾರ ಹಿಟ್ಟಿನ ಗಿರಣಿ ಇಟ್ಟಿದ್ರು. ಸಣ್ಣಾಂವ ಇದ್ದಾಗ ಕೇಳ್ತಿದ್ದೆ, ಚಪ್ಪಟಿ ಪಟ್ಟಾ ಪುಲ್ಲಿ ಮ್ಯಾಲಿಂದ ಯಾಕ ಜಾರೂದಿಲ್ಲ ಅಂತ. ಪುಲ್ಲಿ ಮ್ಯಾಲ ನನ್ನ ಅಂಗೈ ಇಟ್ಟು ಸವರಿಸಿ ತೋರಿಸಿದ್ರು. ನಡುವ ಉಬ್ಬು ಇತ್ತು, ಎರಡೂ ಬಾಜೂ ಇಳಿಜಾರು. "ಪಟ್ಟಾ ದಪ್ಪ ಇದ್ದ ಕಡೆ ಏರತೈತಿ, ಅದಕ್ಕ ನಡುವನ ನಿಲ್ಲತೈತಿ" ಅಂದ್ರು. ಇಳಿಜಾರ ಕಡೆ ಬೀಳಬೇಕಲ್ಲ ಅಂತ ನನಗ ಒಂದ ವಾರ ತಲ್ಯಾಗ ಹೊಕ್ಕಿರಲಿಲ್ಲ. ನಿಮ್ಮ ದೊಡ್ಡ ಬೆಲ್ಟಿಗೂ ಹಂಗ ಉಬ್ಬಿನ ಪುಲ್ಲಿ ಹಾಕಿದ್ರ ಆಗೂದಿಲ್ಲೇನ್ರಿ?

ಜಾಯಿಂಟ್ ಮಾಡಾಂವ, ಗೋಕಾಕ:
ಹಾಕ್ತಾರ್ರಿ, ಸಣ್ಣ ಬೆಲ್ಟಿಗೆ. ಉದ್ದ ಬೆಲ್ಟಿನಾಗ, ಎಳತ ಭಾಳ ಇದ್ದಲ್ಲಿ ಉಬ್ಬಿಂದ ಅಷ್ಟ ಪ್ರಯೋಜನ ಇಲ್ಲ, ಬೆಲ್ಟಿನ ನಡುವಿನ ದಾರಕ್ಕ ಸುಮ್ಮನ ಭಾರ ಬೀಳತೈತಿ. ಮೋಟರ್ ತಿರಗಸೂ ಡ್ರೈವ್ ಡ್ರಮ್ಮಿಗೆ ಸಾಮಾನ್ಯ ಸಪಾಟನಾ ಇಡ್ತಾರ.

ಕನ್ವೇಯರ್ ಕಾಕಾ:
ರಬಕವಿಯವರ ಮಾತು ಹೊರಗಿಂದಲ್ಲ! ತಮ್ಮಾ ಮುಧೋಳದಾಂವ, ಟೇಲ್ ಡ್ರಮ್ಮಿನ ಗಾರ್ಡ್ ತಗದು ನೋಡಿ ಏನು? ಡ್ರಮ್ಮಿನ ಎಡಕ್ಕ ಬಗ್ಯಾಸ್ ಮೆತ್ತಿ ದಪ್ಪ ಆಗಿದ್ರ ಬೆಲ್ಟ್ ಆ ದಪ್ಪಿನ ಮ್ಯಾಲ ಏರತೈತಿ, ಗಿರಣಿ ಪಟ್ಟಾದಂಗ. ಹಸೀ ಬಗ್ಯಾಸಿನ್ಯಾಗ ಅರ್ಧಕ್ಕರ್ಧ ನೀರ ಇರತೈತಿ, ಮ್ಯಾಲ ಸಕ್ಕರಿ ಅಂಟು. ಒಣಗಿದ್ರ ಕಟ್ಟಿಗಿ ಆದಂಗ ಆಗತೈತಿ.

ಮತ್ತ ಕೇಳು. ನೋಡೂದು ಬೆಲ್ಟ್ ನಿಲ್ಲಿಸಿ, ಪ್ಯಾನಲ್ ಆಫ್ ಮಾಡಿಸಿ, ನಿನ್ನ ಕೀಲಿ ಹಾಕಿ, ಕೀಲಿಕೈ ನಿನ್ನ ಕಿಸೇದಾಗ ಇಟ್ಟಕೊಂಡು. ಓಡೂ ಬೆಲ್ಟಿನಾಗ ರಾಡ್ ಹಾಕಿ ಕೆರಿಯಾಕ ಯಾರನ್ನೂ ಬಿಡಬ್ಯಾಡ.

ನನ್ನ ಸಂಗಡ ಒಬ್ಬ ಹೆಲ್ಪರ್ ಇದ್ದ, ವಯಸ್ಸು 22. ಟೇಲ್ ಡ್ರಮ್ಮಿಗೆ ಹಸೀ ಮಣ್ಣು ಮೆತ್ತಿತ್ತು, ಬೆಲ್ಟ್ ನಿಲ್ಲಸಾಕ ಮ್ಯಾಲಿನವರು ಒಪ್ಪಲಿಲ್ಲ. ಸಳಿ ಹಿಡಕೊಂಡು ಕೆರದಾನ. ಬೆಲ್ಟಿಗೂ ಡ್ರಮ್ಮಿಗೂ ನಡುವ ಸಳಿ ಸಿಕ್ಕಿತು, ಬಿಡಬೇಕು ಅಂತ ಅವನಿಗೆ ಹೊಳಿಯೂದರಾಗ ಬಲಗೈ ಭುಜದತನಕಾ ಹೋಗಿತ್ತು. ಪುಲ್ ಕಾರ್ಡ್, ಅಂದ್ರ ಬೆಲ್ಟ್ ನಿಲ್ಲಸೂ ಹಗ್ಗ, ಎಳದಾಂವ ನಾನು. ಆ ಹಗ್ಗ ಸಡಲ ಆಗಿ ನೇತಾಡತಿತ್ತು, ಎರಡ ಮಾರು ಎಳದ ಮ್ಯಾಲ ಸ್ವಿಚ್ ಬಿತ್ತು. ಇವತ್ತಿಗೂ ನಾ ಯಾವ ಕಾರ್ಖಾನಿಗೆ ಹೋದ್ರೂ ಮೊದಲ ಆ ಹಗ್ಗ ಹಿಡದು ನೋಡ್ತೀನಿ.

ಡಿಪ್ಲೊಮಾ ಎರಡನೇ ವರ್ಷ:
ಓದಿ ಕೈ ನಡುಗಿತು ಕಾಕಾ. 1.5 ಮೀಟರ್ ವೇಗ ಅಂದರೆ ಅರ್ಧ ಸೆಕೆಂಡಿಗೆ 75 ಸೆಂಟಿಮೀಟರ್. ಕೈ ಬಿಡಬೇಕು ಅಂತ ಹೊಳೆಯಲು ಅರ್ಧ ಸೆಕೆಂಡ್ ಸಾಕಾಗುವುದಿಲ್ಲ.

ಉದ್ಯಮಬಾಗ್ ಫೌಂಡ್ರಿ:
1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮಿನಾಗ ಬರದಿದ್ರರಿ, ಓಡೂ ಯಂತ್ರದ ಹತ್ತರ ಪರೀಕ್ಷೆ, ಎಣ್ಣಿ ಹಾಕೂದು ಏನಿದ್ರೂ ತರಬೇತಿ ಆದವನಾ ಮಾಡಬೇಕು, ಮೈಗಂಟಿದ ಬಿಗಿ ಅಂಗಿ ತೊಟ್ಟಿರಬೇಕು, ಅವನ ಹೆಸರ ರಜಿಸ್ಟರಿನಾಗ ಇರಬೇಕು ಅಂತ. ನಮ್ಮಲ್ಲೆ ಬಿಗಿ ಅಂಗಿ ದೂರ ಉಳೀತು, ಕೊಳ್ಳಾಗ ಟವೆಲ್ ಸುತಗೊಂಡಾ ಬೆಲ್ಟಿನ ಕೆಳಗ ಹೋಗತಾರ. ಗೇಟಿನಾಗ ಟವೆಲ್ ಇಸಗೊಂಡಾ ಒಳಗ ಬಿಡ್ರಿ ಅಂತ ಎಷ್ಟ ಸಲ ಹೇಳೀನಿ.

ಸಲಕರಣೆ ಹುಡುಗ, ಬೆಳಗಾವಿ:
ಕಾಕಾ ಅವರ ಮಾತಿನಲ್ಲೇ ನನ್ನ ಉತ್ತರ ಐತಿ. ಆ ಹಗ್ಗ ಸಡಿಲ ಇದ್ದದ್ದು ಯಾರೂ ನೋಡಿರಲಿಲ್ಲ. ಪುಲ್ ಕಾರ್ಡ್, ಸ್ವೇ ಸ್ವಿಚ್, ಬೆಲ್ಟ್ ನಿಂತದ್ದು ತಿಳಿಸುವ ಝೀರೋ ಸ್ಪೀಡ್, ಮಾಲು ಬೀಳುವ ದಾರಿ ಕಟ್ಟಿದ್ದು ತಿಳಿಸುವ ಚ್ಯೂಟ್ ಜಾಮ್, ಇವು ನಾಲ್ಕೂ ಸೆನ್ಸರೇ. ಇವನ್ನು ವಾರಕ್ಕೊಮ್ಮೆ ಬೆಲ್ಟ್ ಖಾಲಿ ಇದ್ದಾಗ ಬೇಕಂತಲೇ ಎಳೆದು, ಒತ್ತಿ, ನಿಲ್ಲುತ್ತೋ ಇಲ್ಲೋ ನೋಡಬೇಕು. ಮೊಬೈಲಿಗೆ ಮೆಸೇಜ್ ಬರೋ ಕಂಪನಿಯ ಮುಂದೆ ನಾನೂ ಮೊದಲು ಈ ನಾಲ್ಕನ್ನೇ ಕೇಳ್ತೀನಿ. ಇವು ಕೆಲಸ ಮಾಡದಿದ್ದರೆ ಹೊಸದು ಹಾಕಬ್ಯಾಡ್ರಿ, ಒಪ್ಪೀನಿ.

ಝೀರೋ ಸ್ಪೀಡ್ ಬಗ್ಗೆ ಒಂದು ಮಾತು: ಅದನ್ನು ಡ್ರೈವ್ ಡ್ರಮ್ಮಿಗೆ ಹಾಕಿದವರನ್ನು ನೋಡೀನಿ. ಬೆಲ್ಟ್ ಜಾರಿ ನಿಂತರೂ ಡ್ರೈವ್ ಡ್ರಮ್ ತಿರುಗ್ತಾನೇ ಇರುತ್ತೆ, ಸ್ವಿಚ್ "ಎಲ್ಲಾ ಸರಿ ಐತಿ" ಅನ್ನುತ್ತೆ, ಅಲ್ಲಿ ರಬ್ಬರ್ ಸುಟ್ಟು ಹೊಗೆ ಬರ್ತಿರುತ್ತೆ. ಅದು ಟೇಲ್ ಡ್ರಮ್ಮಿಗೇ ಇರಬೇಕು.

ಇಂಡಿ ಎಲೆಕ್ಟ್ರಿಷಿಯನ್:
ಇದು ಲಾಖ್ ರೂಪಾಯಿ ಮಾತು. ಇನ್ನೊಂದು ಪುಕ್ಕಟೆ ಸೆನ್ಸರ್ ಅದ, ಮೋಟರಿನ ಆಂಪಿಯರ್ ಮೀಟರ್. ಖಾಲಿ ಬೆಲ್ಟಿಗೆ ಎಷ್ಟು, ತುಂಬಿದ ಬೆಲ್ಟಿಗೆ ಎಷ್ಟು ಅಂತ ದಿನಾ ಒಂದಾ ಹೊತ್ತಿಗೆ ಬರೀರಿ. ನಮ್ಮಲ್ಲೆ ಖಾಲಿ ಓಡುವಾಗ 11 ಇದ್ದದ್ದು ಹತ್ತ ದಿನದಾಗ 14 ಆತು. ಹುಡುಕಿದ್ರ ರಿಟರ್ನ್ ಕಡೆ ಆರ ರೋಲರ್ ತಿರಗತಿದ್ದಿಲ್ಲ. ಒಂದರ ಸಿಲಿಂಡರ್ ತವದು ಬ್ಲೇಡಿನಂಗ ಆಗಿತ್ತು, ಬೆಲ್ಟ್ ಕೊಯ್ಯೂದೊಂದಾ ಬಾಕಿ.

ಕೃಷ್ಣಾ ದಂಡಿ:
ನಮ್ಮ ಕಡೆ ಬೆಲ್ಟ್ ಜಾರಿದ್ರ ಡ್ರಮ್ಮಿಗೆ ರಾಳದ ಪುಡಿ ಒಗೀತಾರ. ತಕ್ಷಣ ಹಿಡಿತೈತಿ. ಯಾರೂ ಹೇಳಲಿಲ್ಲಲಾ?

ಜಾಯಿಂಟ್ ಮಾಡಾಂವ, ಗೋಕಾಕ:
ಒಗೀಬ್ಯಾಡ್ರಿ. ಹಿಡಿತೈತಿ, ಎರಡ ತಾಸು. ಆಮ್ಯಾಲ ಅದಕ್ಕ ಧೂಳ ಮೆತ್ತಿ ಡ್ರಮ್ ಗಂಟಗಂಟ ಆಗತೈತಿ. ಜಾರತೈತಿ ಅಂದ್ರ ಡ್ರಮ್ಮಿನ ಮ್ಯಾಲಿನ ಹೊದಿಕಿ, ಲ್ಯಾಗಿಂಗ್, ನುಣ್ಣಗ ಆಗೇತಿ, ಇಲ್ಲಾ ಬೆಲ್ಟ್ ಬಿಗಿ ಹಿಡಿಯೂ ಟೇಕಪ್ಪಿನ ಭಾರ ಕಡಿಮಿ ಐತಿ, ಇಲ್ಲಾ ಗ್ರಾವಿಟಿ ಟೇಕಪ್ಪಿನ ತೂಕದ ಪೆಟ್ಟಿಗಿ ನೆಲಕ್ಕ ಹತ್ತಿ ಕುಂತೈತಿ. ಬೆಲ್ಟ್ ಹಿಗ್ಗಿದ ಮ್ಯಾಲ ಆ ಪೆಟ್ಟಿಗಿ ನೆಲಕ್ಕ ಕುಂತದ್ದನ್ನ ಯಾರೂ ನೋಡೂದಿಲ್ಲ. ಮೂರೂ ನೋಡ್ರಿ ಮೊದಲ.

ಉದ್ಯಮಬಾಗ್ ಫೌಂಡ್ರಿ:
ನಮ್ಮ ಬೆಳಗಾವಿ ಫೌಂಡ್ರಿಗಳ ಕಥಿ ಬ್ಯಾರೆನಾ ಐತ್ರಿ. ಎರಕ ಒಡದ ಮ್ಯಾಲ ವಾಪಸ್ ಬರೂ ಉಸುಕು ಕಾದಿರತೈತಿ, ಅದರಾಗ ರನ್ನರಿನ (ಎರಕದ ರಸ ಹರಿಯೂ ದಾರ್ಯಾಗ ಗಟ್ಟಿ ಆದ ಲೋಹ) ತುಂಡು, ಚಿಪ್ಪು. ಸಾದಾ ಬೆಲ್ಟ್ ಹಾಕಿದ್ರ ಮ್ಯಾಲಿನ ರಬ್ಬರ್ ಬಿರಸಾಗಿ ಒಣಗಿದ ಕೆರಿ ನೆಲದಂಗ ಸೀಳತೈತಿ. ಕಾವು ತಡಿಯೂ ಬೆಲ್ಟನಾ ಬೇಕು.

ಎರಡ ವರ್ಷದ ಹಿಂದ ಗೇಣುದ್ದ ರನ್ನರ್ ತುಂಡು ಚ್ಯೂಟಿನ ಅಂಚಿಗೆ ಸಿಕ್ಕಿ ನೆಟ್ಟಗ ನಿಂತು, ಓಡೂ ಬೆಲ್ಟನ್ನ ಉದ್ದಕ್ಕ ಸೀಳಿತು. ಸೀರಿ ಹರದಂಗ ಸಪ್ಪಳ ಬಂತು. ನಿಲ್ಲಸೂದರಾಗ 30 ಮೀಟರ್ ಎರಡ ಪಟ್ಟಿ ಆಗಿತ್ತು. ಕಾರಣ ಹುಡುಕಿದ್ರ, ಕಬ್ಬಿಣ ಹಿಡಿಯೂ ಮ್ಯಾಗ್ನೆಟಿನ ಕೆಳಗ ಸಿಕ್ಕದ್ದನ್ನ ಎರಡ ಶಿಫ್ಟಿನಿಂದ ತಗದಿದ್ದಿಲ್ಲ. ಬೆಲ್ಟಿನ ಬಿಲ್ ನೋಡಿ ಮಾಲಕರು ಒಂದ ದಿನ ಊಟ ಮಾಡಲಿಲ್ಲ.

ರಬಕವಿ ಗಿರಣಿ:
ಬೆಲ್ಟ್ ಮ್ಯಾಲ ಏನೇನೋ ಅಕ್ಷರ ಬರದಿರತಾರಲ್ರಿ, ಇಪಿ 400/3, ಎಂ-24 ಅಂತ. ಅದರ ಅರ್ಥ ಏನು?

ಜಾಯಿಂಟ್ ಮಾಡಾಂವ, ಗೋಕಾಕ:
ಇಪಿ ಅಂದ್ರ ಒಳಗಿನ ಬಟ್ಟಿ, ಉದ್ದಕ್ಕ ಪಾಲಿಯೆಸ್ಟರ್, ಅಡ್ಡಕ್ಕ ನೈಲಾನ್. 400 ಅಂದ್ರ ಒಂದ ಮೀಟರ್ ಅಗಲಕ್ಕ 400 ಕಿಲೋನ್ಯೂಟನ್ ಎಳದ್ರ ಹರಿಯೂ ಶಕ್ತಿ. 3 ಅಂದ್ರ ಬಟ್ಟಿ ಪದರ ಮೂರು. ಎಂ-24 ಮ್ಯಾಲಿನ ರಬ್ಬರಿನ ದರ್ಜೆ, ಕನಿಷ್ಠ 24 ಮೆಗಾಪಾಸ್ಕಲ್ ಎಳತ ತಡಿತೈತಿ. ಎನ್-17 ಇದ್ರ 17. ಚೂಪ ಕಲ್ಲಿಗೆ ಎಂ-24 ಹಾಕ್ರಿ.

ಕೃಷ್ಣಾ ದಂಡಿ:
2019ರ ಆಗಸ್ಟಿನ ಮಹಾಪೂರದಾಗ ನಮ್ಮ ಘಟಕದ ಟೇಲ್ ಪಿಟ್ ಪೂರಾ ಮುಳಗಿತ್ತು. ನೀರ ಇಳದ ಮ್ಯಾಲ ಸೊಂಟದತನಕಾ ರಾಡಿ. ರೋಲರ್ ತೊಳದು ಹಾಕಿದ್ವಿ, ತಿರಗತಿದ್ದುವು ಅಂತ ಬಿಟ್ವಿ. ಎರಡ ತಿಂಗಳಾಗ ಒಂದೊಂದಾ ಅರಚಾಕ ಹತ್ತಿ ಎಲ್ಲಾ ಬದಲ ಮಾಡಿದ್ವಿ. ನೀರ ಹೊಕ್ಕ ರೋಲರ್ ನಂಬಬ್ಯಾಡ್ರಿ.

ಕೋಲ್ ಹ್ಯಾಂಡ್ಲಿಂಗ್, ಬಸವನಬಾಗೇವಾಡಿ:
ನಿಜ. ರೋಲರಿನ ಬೇರಿಂಗ್ ಸಾಯುವುದು ಭಾರದಿಂದ ಕಡಿಮೆ, ಸೀಲ್ ದಾಟಿ ಒಳಹೋದ ನೀರು ಮತ್ತು ಧೂಳಿನಿಂದಲೇ ಹೆಚ್ಚು. ಅದಕ್ಕೇ ರೋಲರುಗಳನ್ನು ನೀರಿನ ಪೈಪ್ ಹಿಡಿದು ಜೋರಾಗಿ ತೊಳೆಯಬೇಡಿ ಅಂತ ನಾನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ.

ಮುಧೋಳ ಫಿಟ್ಟರ್:
ಮೂರ ದಿನ ಬರೀಲಿಲ್ಲ, ಕ್ಷಮಿಸ್ರಿ. ಕೆಲಸದಾಗ ಇದ್ದೆ. ಪೂರಾ ಹೇಳ್ತೀನಿ.

ಮೊದಲ ಸ್ಟಾಪ್‌ವಾಚ್. ಹೆಡ್ ಹತ್ತರ ನಿಂತು ಎಂಟ ಸಲ ಹಿಡದೆ. 2:46, 2:47, 2:47, 2:48, ಹಿಂಗಾ ಬಂತು. ಡಿಪ್ಲೊಮಾ ತಮ್ಮಾ, ನಿನ್ನ ಲೆಕ್ಕ ಸೆಕೆಂಡಿಗೆ ಸೆಕೆಂಡ್ ಹೊಂದಿತು. ಹಂಗಾಮಿನ ಮುಂಚೆ 20 ಮೀಟರ್ ಹೊಸಾ ತುಂಡು ಹಾಕಿಸಿದ್ವಿ, ಅಂದ್ರ ಎರಡ ಹೊಸಾ ಜಾಯಿಂಟ್. ಒಂದಕ್ಕ ಬಿಳಿ ಪೇಂಟ್ ಹಚ್ಚಿದೆ. ಜಿಗದಾಗೆಲ್ಲಾ ಆ ಬಿಳಿ ಪಟ್ಟಿ ಬರತಿತ್ತು.

ಬಾಯ್ಲರಿನವರು ಸ್ವಚ್ಛ ಮಾಡಾಕ ಐದ ತಾಸು ಬಂದ್ ಕೊಟ್ರು. ಪ್ಯಾನಲಿಗೆ ನನ್ನ ಕೀಲಿ, ಎಲೆಕ್ಟ್ರಿಷಿಯನ್ ಕೀಲಿ, ಎರಡೂ ಹಾಕಿದ್ವಿ. ಜಾಯಿಂಟಿನ ಎರಡೂ ಕಡೆ 3 ಮೀಟರ್ ದೂರದತನಕಾ ಬೆಲ್ಟಿನ ನಡುವ ಗುರುತ ಮಾಡಿ, ದಾರಕ್ಕ ಚಾಕ್‌ಪೀಸ್ ಪುಡಿ ಸವರಿ ಗೆರಿ ಹೊಡದ್ವಿ. ಒಂದ ಕಡೆ ಗೆರಿ ಮುಂದ ಚಾಚಿದ್ರ ಇನ್ನೊಂದ ಕಡೆ ಗೆರಿಗೆ ಕೂಡಬೇಕಲ್ರಿ, 14 ಮಿ.ಮೀ. ದೂರ ಇತ್ತು. ಕಣ್ಣಿಗೆ ನೆಟ್ಟಗಾ ಕಾಣತಿತ್ತು ಜಾಯಿಂಟ್. ದಾರ ಹೊಡದ ಮ್ಯಾಲ ಗೊತ್ತಾತು.

ಆಮ್ಯಾಲ ಟೇಲ್ ಡ್ರಮ್. ಗಾರ್ಡಿನ ಬೋಲ್ಟ್ ಬಿಚ್ಚಿ ಟಾರ್ಚ್ ಹಾಕಿದ್ರ, ಕಾಕಾ, ನೀವ ಹೇಳಿದ್ದಾ ಖರೆ. ಡ್ರಮ್ಮಿನ ಎಡಕ್ಕ ಒಂದ ಗೇಣು ಅಗಲ ಕಪ್ಪಗ ಮೆತ್ತಿತ್ತು, ಬೆರಳಿನಷ್ಟು ದಪ್ಪ. ಉಗರಿಗೆ ಏಳಲಿಲ್ಲ, ಉಳಿ ಹಿಡದು ಕೆತ್ತಿದ್ರ ಚಕ್ಕಿಚಕ್ಕಿ ಬಂತು, ಸುಟ್ಟ ಬೆಲ್ಲದ ವಾಸನಿ. ಅಲ್ಲಿಗೆ ಹೆಂಗ ಬಂತು ಅಂತ ಹಿಂದಕ್ಕ ನಡದ್ವಿ. ತುಂಬೂ ಚ್ಯೂಟಿನ ಎಡಗಡೆ, ಬಾಜೂಕ ಚೆಲ್ಲದಂಗ ತಡಿಯೂ ಸ್ಕರ್ಟ್ ರಬ್ಬರ್ ತವದೈತಿ, ಅಲ್ಲಿಂದ ಬಗ್ಯಾಸ್ ರಿಟರ್ನ್ ಬೆಲ್ಟಿನ ಒಳಗಿನ ಮೈ ಮ್ಯಾಲ ಉದರತೈತಿ. ಟೇಲಿನ ಮುಂಚೆ ಅದನ್ನ ತಳ್ಳಾಕ ಇರೂ ವಿ-ಪ್ಲೋ ಐತಲ್ಲ, ಅದರ ಎಡಗಡೆ ರಬ್ಬರಾ ಇಲ್ಲ. ಬರೇ ಕಬ್ಬಿಣದ ಪಟ್ಟಿ ಗಾಳ್ಯಾಗ ನಿಂತಿತ್ತು. ತಳ್ಳೂದರ ಬದಲಿ ಎಲ್ಲಾ ಡ್ರಮ್ಮಿಗೆ ಕಳಸತಿತ್ತು.

ಡ್ರಮ್ ಕೆತ್ತಿ ಸ್ವಚ್ಛ ಮಾಡಿ, ಪ್ಲೋ ರಬ್ಬರ್, ಸ್ಕರ್ಟ್ ರಬ್ಬರ್ ಹಾಕಿ ಚಾಲೂ ಮಾಡಿದ್ವಿ. ಕಾಯಂ ಎಡಕ್ಕ ಇರೂದು ಹೋತು. ಜಾಯಿಂಟ್ ಬಂದಾಗ ಇನ್ನೂ ಒಮ್ಮೆ ವಾಲತೈತಿ, ಆದ್ರ ಚಾನಲ್ಲಿಗೆ ಹತ್ತೂದಿಲ್ಲ.

ರಬಕವಿ ಗಿರಣಿ:
ನಮ್ಮ ಅಪ್ಪಾರಿಗೆ ಈ ಮಾತು ಓದಿ ಹೇಳಿದೆ. 80 ವರ್ಷ ಅವರಿಗೆ. ಭಾಳ ಖುಷಿ ಪಟ್ರು.

ಕನ್ವೇಯರ್ ಕಾಕಾ:
ಅವರಿಗೆ ನನ್ನ ನಮಸ್ಕಾರ ಹೇಳ್ರಿ.

ತಮ್ಮಾ, ಇನ್ನ ಸ್ವಲ್ಪ ನೆಟ್ಟಗ ಮಾಡಬೇಕಾದ್ರ ರೋಲರ್ ಫ್ರೇಮ್ ಸರಿಸು. ಸೈಕಲ್ ಹ್ಯಾಂಡಲ್ ನೆನಪ ಇಟ್ಕೊ. ಎಡಕ್ಕ ಹೊಂಟ್ರ ಎಡಗಡೆ ತುದಿಯನ್ನ ಬೆಲ್ಟ್ ಓಡೂ ದಿಕ್ಕಿಗೆ ಮುಂದ ಸರಿಸು, ಬಲಕ್ಕ ತಿರಗತೈತಿ. ಬೆಲ್ಟ್ ಸರದದ್ದು ಕಾಣೂ ಜಾಗಾದಾಗಲ್ಲ, ಅದರ ಹಿಂದಿನ ನಾಕೈದ ಫ್ರೇಮಿನಾಗ, ಸ್ವಲ್ಪ ಸ್ವಲ್ಪ. ಪ್ರತಿ ಸಲಾನೂ ಬೆಲ್ಟ್ ನಿಲ್ಲಿಸಿ ಸರಿಸು, ಚಾಲೂ ಮಾಡಿಸಿ ದೂರ ನಿಂತು ಎರಡ ಮೂರ ಸುತ್ತು ನೋಡು. ಒಂದೊಂದ ಸುತ್ತಿಗೆ ಮೂರ ನಿಮಿಷ, ಪುರಸೊತ್ತ ಇರಲಿ. ಟೇಕಪ್ಪಿನ ಸ್ಕ್ರೂ ಒಂದಾ ಕಡೆ ತಿರುವಿ ಬೆಲ್ಟ್ ನೆಟ್ಟಗ ಮಾಡಾಕ ಹೋಗಬ್ಯಾಡ, ಡ್ರಮ್ಮಾ ಸೊಟ್ಟ ಆಗತೈತಿ.

ಜಾಯಿಂಟ್ ಮಾಡಾಂವ, ಗೋಕಾಕ:
ಆ ಜಾಯಿಂಟ್ ಯಾರ ಮಾಡ್ಯಾರೋ ಕೇಳೂದಿಲ್ಲ. ಆದ್ರ ಮತ್ತ ಮಾಡಿಸುವಾಗ ಒಂದ ಅಂಚು ಹಿಡದು ಗುಣ್ಯಾ (ಲಂಬಕೋನ ನೋಡೂ ಪಟ್ಟಿ) ಇಡಾಕ ಬಿಡಬ್ಯಾಡ್ರಿ. ತವದ ಅಂಚು ಸೊಟ್ಟ ಇರತೈತಿ, ಗುಣ್ಯಾನೂ ಸೊಟ್ಟ ಕೂಡತೈತಿ. ನಡುವಿನ ಗೆರಿ ಹೊಡದಾ ಅದಕ್ಕ ಗುಣ್ಯಾ ಇಡಬೇಕು. ಓರೆ ಸುಮಾರ 22 ಡಿಗ್ರಿ, ಮೂರ ಪದರಕ್ಕ ಎರಡ ಮೆಟ್ಟಲು. ಹಾಟ್ ಜಾಯಿಂಟ್ ಅಂದ್ರ ಪ್ರೆಸ್ಸಿನ ಕಾವು 145 ಡಿಗ್ರಿ ಆಸುಪಾಸು ಒಂದಾ ಸಮ ಇರಬೇಕು. ಕೋಲ್ಡ್ ಆದ್ರ ಅಂಟಸೂ ಸೊಲ್ಯೂಶನ್ ಹಚ್ಚುವಾಗ ಬಗ್ಯಾಸ್ ಧೂಳು ಹಾರಬಾರದು, ಸುತ್ತ ತಾಡಪತ್ರಿ ಕಟ್ರಿ. ಆ ಸೊಲ್ಯೂಶನ್ ಬೆಂಕಿಗೆ ಹತ್ತೂವಂಥಾದ್ದು, ಹತ್ತರ ಬೀಡಿ, ವೆಲ್ಡಿಂಗ್ ಏನೂ ಇರಬಾರದು.

ಸಲಕರಣೆ ಹುಡುಗ, ಬೆಳಗಾವಿ:
ಫಿಟ್ಟರ್ ಅಣ್ಣಾ, ಸೆನ್ಸರ್ ಕಂಪನಿಯವರ ಕಥೆ ಏನಾಯ್ತು?

ಮುಧೋಳ ಫಿಟ್ಟರ್:
ಮ್ಯಾನೇಜರ್ ಸಾಹೇಬರಿಗೆ ಆ ಡ್ರಮ್ಮಿನ ಚಕ್ಕಿ ಒಂದ ಪ್ಲಾಸ್ಟಿಕ್ ಚೀಲದಾಗ ಒಯ್ದು ಟೇಬಲ್ ಮ್ಯಾಲ ಇಟ್ಟೆ. ಇದನ್ನ ಯಾವ ಮೆಸೇಜೂ ಹೇಳೂದಿಲ್ಲಲ್ರಿ ಅಂದೆ. ಕೇಳಿಸಿಕೊಂಡ್ರು. ಡ್ರಮ್ಮಿನ ಬೇರಿಂಗ್, ಗೇರ್‌ಬಾಕ್ಸಿಗೆ ಸೆನ್ಸರ್ ಹಾಕೋಣು ಅಂದಾರ, ನಾನೂ ಒಪ್ಪೀನಿ. ಸ್ವೇ ಸ್ವಿಚ್ಚಿನ ತಂತಿ ನನ್ನ ಕೈಯಾರೆ ಕತ್ತರಿಸಿದೆ. ಇಲ್ಲಿತನಕಾ ಒಮ್ಮೆಯೂ ಟ್ರಿಪ್ ಆಗಿಲ್ಲ. ಝೀರೋ ಸ್ಪೀಡ್ ನಮ್ಮದೂ ಡ್ರೈವ್ ಡ್ರಮ್ಮಿಗೇ ಇತ್ತು, ಟೇಲಿಗೆ ಹಾಕಸಾಕ ವೈರ್ ಎಳದಾರ.

ಇಂಡಿ ಎಲೆಕ್ಟ್ರಿಷಿಯನ್:
ತಂತಿ ಮತ್ತ ಯಾರರ ಕಟ್ಟ್ಯಾರೇನು ಅಂತ ರಾತ್ರಿ ಶಿಫ್ಟಿನಾಗ ಒಮ್ಮೆ ಹೋಗಿ ನೋಡ್ರಿ. ನಾ ಅನುಭವದಿಂದ ಹೇಳಾಕತ್ತೀನಿ.

ಕಬ್ಬಿನ ಹೊಲ, ಜಮಖಂಡಿ:
ಈ ಸಲ ನಂದು ಸೋಮವಾರ ಕಟಾವು. ಯಾರ್ಡಿನಾಗ ಸಾಲ ಎಷ್ಟೈತ್ರಿ?

ಮುಧೋಳ ಫಿಟ್ಟರ್:
ಇವತ್ತ ಮುಂಜಾನೆ ನೋಡಿದಾಗ ಗೇಟಿನ ಒಳಗಾ ಇತ್ತು, ರಸ್ತಾಕ್ಕ ಬಂದಿಲ್ಲ. ಜಾಯಿಂಟ್ ಕೆಲಸಾ ಐತವಾರ ಹಿಡದೀವಿ, ಬಾಯ್ಲರ್ ಬಂದ್ ಇರತೈತಿ. ನೀವು ಸೋಮವಾರ ಮಧ್ಯಾಹ್ನದ ಮ್ಯಾಲ ಕಡೀರಿ. ಗೋಕಾಕದವರ, ಐತವಾರ ನಿಮ್ಮ ಪ್ರೆಸ್ ಖಾಲಿ ಐತೇನ್ರಿ? 900 ಅಗಲಕ್ಕ ಆಗೂದು ಬೇಕು.

ಜಾಯಿಂಟ್ ಮಾಡಾಂವ, ಗೋಕಾಕ:
ಐತ್ರಿ. ಮುಂಜಾನೆ ಆರಕ್ಕ ಬರ್ತೀನಿ. ಬೆಲ್ಟ್ ಎಳದು ಹಿಡಿಯಾಕ ಎರಡ ಚೈನ್ ಬ್ಲಾಕ್, ಕ್ಲ್ಯಾಂಪ್ ನೀವಾ ತಯಾರ ಇಡ್ರಿ, ಗ್ರಾವಿಟಿ ತೂಕ ಮ್ಯಾಲ ಎತ್ತಿ ಕಟ್ಟಿರ್ರಿ.